ಆರನೆಯ ಹೂಜಿಯ ಹಿಡಿ

ಗಡ್ಡ ಹೆರೆದುಕೊಳ್ಳುವಾಗ ತನ್ನ ಕೈ ಒಂದಿಷ್ಟೂ ನಡುಗುತ್ತಿಲ್ಲವಲ್ಲ ಎಂದು ಸಂಗನಬಸಪ್ಪನಿಗೆ ಸಿಟ್ಟು ಬಂತು. ನಡುಗಬೇಕಾದ ಕೈ ಇದು. ಮೂರು ಶನಿವಾರದ ಹಿಂದೆ ಸ್ಟೌರ್‌ಬ್ರಿಜ್‌ನ ಗಾಜಿನ ಕುಲುಮೆಯ ಮುಂದೆ ಕಬ್ಬಿಣದ ಸಲಾಕೆಯನ್ನು ಬಿಟ್ಟದ್ದು ಇದೇ ಕೈ, ಹೂಜಿ ಒಡೆದದ್ದು ಇದರಿಂದಲೇ. ಆದರೆ ತನ್ನ ಕೈ ಕೆಟ್ಟಿತು, ಇನ್ನು ಸಾಕು ಎಂದು ಕೆಲಸ ನಿಲ್ಲಿಸಲು ಹೊರಟವನು ನಾರ್ಮನ್, ಅರವತ್ತೆಂಟು ವರ್ಷದ ಗಾಜಿನ ಕೆಲಸಗಾರ, ಹದಿನೈದಕ್ಕೇ ಕುಲುಮೆಯ ಮುಂದೆ ನಿಂತವನು. ಇವತ್ತು ಕೊನೆಯ ಹೂಜಿ ಮಾಡಿ ಸಂಜೆ ಕುಲುಮೆ ಆರಿಸುತ್ತೇನೆ ಎಂದು ಮಂಗಳವಾರ ಫೋನು ಮಾಡಿ ಹೇಳಿದ್ದ. ತಪ್ಪು ನನ್ನದು, ನಿನ್ನದಲ್ಲ ಎಂದು ಒಂದು ಮಾತು ಹೇಳಿದರೆ ಮುಗಿಯಿತು, ಅಷ್ಟೇ ಕೆಲಸ. ವಯಸ್ಸಾದವರ ವಾರ್ಡಿನ ಡಾಕ್ಟರು ಸಂಗನಬಸಪ್ಪ. ನಿಮ್ಮ ತಾಯಿ ಇನ್ನು ಹೆಚ್ಚು ದಿನ ಉಳಿಯುವುದಿಲ್ಲ ಎಂದು ವಾರಕ್ಕೆ ಎರಡು ಸಲವಾದರೂ ಯಾರಿಗೋ ಹೇಳುತ್ತಾನೆ, ಹೇಳಿ ಕ್ಯಾಂಟೀನಿಗೆ ಹೋಗಿ ಸ್ಯಾಂಡ್‌ವಿಚ್ ತಿನ್ನುತ್ತಾನೆ. ಅಂಥವನಿಗೆ ಈ ಒಂದು ಮಾತು ಮೂರು ವಾರದಿಂದ ಹಲ್ಲಿನ ಸಂದಿಯ ಮಾವಿನ ನಾರಿನ ಹಾಗೆ ಸಿಕ್ಕಿಕೊಂಡಿತ್ತು. ತಪ್ಪಿಸಿಕೊಳ್ಳಲೂ ನೋಡಿದ. ಈ ಶನಿವಾರದ ನಿನ್ನ ಆನ್-ಕಾಲ್ ಪಾಳಿ ನನಗೆ ಕೊಡು ಎಂದು ಜೊತೆಯ ಡಾಕ್ಟರು ರಾಜಶೇಖರನನ್ನು ಕೇಳಿದ್ದ. ಇಪ್ಪತ್ತು ವರ್ಷದಲ್ಲಿ ಯಾರೂ ತಾವಾಗಿ ಬಂದು ಹಾಗೆ ಕೇಳಿದ್ದಿಲ್ಲವಾದ್ದರಿಂದ ರಾಜಶೇಖರನಿಗೆ ಅನುಮಾನ ಬಂದು, ರೋಟಾ ಬದಲಾಯಿಸುವುದು ಬೇಡ ಎಂದುಬಿಟ್ಟ. ಸಂಗನಬಸಪ್ಪ ಕೆನ್ನೆಯ ನೊರೆ ತೊಳೆದುಕೊಂಡ. ಎಲ್ಲಿಯೂ ಒಂದು ಗಾಯವಿಲ್ಲ.

ಕೆಳಗೆ ಅಡುಗೆಮನೆಯಲ್ಲಿ ದಾಕ್ಷಾಯಣಿ ಶೇಂಗಾ ಹೋಳಿಗೆ ಬೇಯಿಸುತ್ತಿದ್ದಳು. ಬೆಳಗಿನ ಎಂಟು ಗಂಟೆಗೆ, ಅಕ್ಟೋಬರಿನ ಚಳಿಯಲ್ಲಿ, ಹಾರ್ಬೋರ್ನ್‌ನ ಆ ಇಡೀ ಬೀದಿಗೆ ಬೆಲ್ಲದ ವಾಸನೆ ಹೊಡೆಯುವ ಹಾಗೆ. ಹೋಳಿಗೆ ಮನೆಯವರಿಗಲ್ಲ, ನಾರ್ಮನ್ನನಿಗೆ. ಎರಡನೆಯ ಶನಿವಾರ ಡಬ್ಬಿಯಲ್ಲಿ ಉಳಿದಿದ್ದ ಅರ್ಧ ಹೋಳಿಗೆ ತಿಂದಾಗಿನಿಂದ ಆ ಮುದುಕ ಅದರ ದಾಸನಾಗಿದ್ದ. ಬಿಸ್ಕತ್ತು ಎನ್ನುತ್ತಿದ್ದ ಅದಕ್ಕೆ. ದಾಕ್ಷಾಯಣಿಗೆ ನಾರ್ಮನ್ನನ ಮೇಲೆ ಒಂದು ಬಗೆಯ ಅಭಿಮಾನ. ಅವನನ್ನು ನೋಡಿದ್ದು ಒಂದೇ ಸಲವಾದರೂ, ಗಂಡ ಟಿವಿಯ ಮುಂದಿನ ಸೋಫಾ ಬಿಟ್ಟು ಎದ್ದು ಹೋಗುವ ಹಾಗೆ ಮಾಡಿದ ಪುಣ್ಯಾತ್ಮ ಎಂದು. ಸಂಗನಬಸಪ್ಪ ಉಪ್ಪಿಟ್ಟಿನ ತಟ್ಟೆಯ ಮುಂದೆ ಕೂತು, ಒಂದೊಂದು ಸಾಸಿವೆಯನ್ನೂ ಚಮಚೆಯಿಂದ ಬದಿಗೆ ಸರಿಸುತ್ತಿದ್ದ. ಅವಳು ಸೌಟು ಕೆಳಗಿಟ್ಟು ತಿರುಗಿದಳು.

“ಅಲ್ರೀ, ಮೂರು ವಾರಾತು ನೋಡಾಕತ್ತೀನಿ. ಊಟ ಇಲ್ಲ, ಮಾತಿಲ್ಲ. ವಾರ್ಡಿನ್ಯಾಗ ಯಾರರ ಹೋದ್ರೇನು?”

ಯಾರೂ ಹೋಗಿಲ್ಲ ಎಂದ. ಮತ್ತೆ ಕುಲುಮೆಯ ಸುದ್ದಿಯೇ ಇರಬೇಕು ಎಂದಳು. ಆ ಮುದುಕನ ಕೈ ಹೋಯಿತಲ್ಲ ಎಂದು ನಿಮಗೆ ದುಃಖ, ಅಷ್ಟು ಹಚ್ಚಿಕೊಳ್ಳಬೇಡಿ, ವಯಸ್ಸಾದ ಮೇಲೆ ಕೈ ಯಾರಿಗಾದರೂ ಹೋಗುತ್ತದೆ, ದಿನಾ ಅದನ್ನೇ ನೋಡುವವರು ನೀವು ಎಂದು ಸಮಾಧಾನ ಹೇಳಿದಳು. ಅವಳ ಸಮಾಧಾನ ಕೇಳಿ ಸಂಗನಬಸಪ್ಪ ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ತಾಮ್ರದ ತಂಬಿಗೆಯನ್ನು ಕೊರಳ ಹತ್ತಿರ ಹಿಡಿದು ಎತ್ತಿ, ತುಟಿಗೆ ತಾಗಿಸದೆ ನೀರು ಕುಡಿದ. ಈ ಮನೆಯಲ್ಲಿ ಹಾಗೆ ಕುಡಿಯುವವನು ಅವನೊಬ್ಬನೇ. ಅವನ ಕೈ ಮೂವತ್ತು ವರ್ಷ ಈ ದೇಶದ ಮಗ್ಗುಗಳನ್ನು ಹಿಡಿದೂ ತಂಬಿಗೆಯ ಕೊರಳನ್ನು ಮರೆತಿರಲಿಲ್ಲ. ಕೈಗೆ ಅದರದ್ದೇ ನೆನಪಿರುತ್ತದೆ, ತಲೆಯನ್ನು ಕೇಳುವುದಿಲ್ಲ. ಇದನ್ನೇ ನಾರ್ಮನ್ನನಿಗೆ ಹೇಳಬೇಕು ಎಂದುಕೊಂಡ. ಹಾಗೆ ಹೇಳಿದರೆ ನೆವ ಹೇಳಿದ ಹಾಗಾಗುತ್ತದೆ ಎಂದೂ ಅನ್ನಿಸಿತು.

ಯಾಮಿನಿ ಮೆಟ್ಟಿಲಿಳಿದು ಬಂದಳು, ಕೈಯಲ್ಲಿ ಫೈಲು, ಕುತ್ತಿಗೆಯಲ್ಲಿ ಕ್ಯಾಮೆರಾ, ತಲೆಗೂದಲು ಇನ್ನೂ ಒದ್ದೆ. ಇಪ್ಪತ್ತಾರು ವರ್ಷದ ಈ ಮಗಳಿಗಾಗಿ ಅಲ್ಲವೇ ಇದೆಲ್ಲ ಶುರುವಾದದ್ದು. ಪುರಾತತ್ವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತೇನೆ ಎಂದಾಗ, ಡಾಕ್ಟರಾಗು ಎಂದರೆ ಈ ಬಗೆಯ ಡಾಕ್ಟರಾಗುತ್ತಾಳಲ್ಲ ಎಂದು ಅವನು ಎರಡು ವರ್ಷ ಮುಖ ಊದಿಸಿಕೊಂಡಿದ್ದ. ಅವಳ ವಿಷಯವಾದರೂ ಎಂಥದು: ಎರಡು ಸಾವಿರ ವರ್ಷದ ಹಿಂದೆ ರೋಮಿನ ಗಾಜಿನವರು ಊದಿ ಮಾಡಿದ ಹೂಜಿಗೆ ಹಿಡಿ ಹೇಗೆ ಕೂರಿಸುತ್ತಿದ್ದರು ಎಂಬುದು. ಹೂಜಿ ಅಲ್ಲ, ಹೂಜಿಯ ಹಿಡಿ! ಧಾರವಾಡಕ್ಕೆ ಫೋನು ಮಾಡಿದಾಗ ಮಗಳು ಏನು ಓದುತ್ತಾಳೆ ಎಂದು ಅಕ್ಕ ಗಂಗವ್ವ ಕೇಳಿದರೆ ಇತಿಹಾಸ ಎಂದು ಹೇಳಿ ಮಾತು ಬದಲಿಸುತ್ತಿದ್ದ. ಆಮೇಲೆ ಈ ಬೇಸಗೆಯಲ್ಲಿ, ಕಾರು ಕೆಟ್ಟಿದೆ, ಸ್ಟೌರ್‌ಬ್ರಿಜ್‌ಗೆ ಬಿಟ್ಟು ಬರುತ್ತೀಯಾ ಎಂದು ಅವಳು ಕೇಳಿದಳು. ಬಿಟ್ಟು ಬರಲು ಹೋದವನು ಕುಲುಮೆಯ ಬಾಯಿ ನೋಡಿ ಅಲ್ಲೇ ನಿಂತ. ಮುಂದಿನ ಶನಿವಾರ ಕಾರು ರಿಪೇರಿಯಾಗಿತ್ತು, ಆದರೂ ತಾನೇ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಎಷ್ಟೋ ವರ್ಷದ ಮೇಲೆ ಇಬ್ಬರಿಗೂ ಮಾತಾಡಲು ಒಂದು ವಿಷಯ ಸಿಕ್ಕಿತ್ತು. ಅವನು ಕನ್ನಡದಲ್ಲಿ ಕೇಳುತ್ತಿದ್ದ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ಹೋಗುವಾಗ ಅರ್ಧ ಗಂಟೆ, ಬರುವಾಗ ಅರ್ಧ ಗಂಟೆ. ಆ ಒಂದು ಗಂಟೆಗಾಗಿ ಅವನು ವಾರವಿಡೀ ಕಾಯುತ್ತಿದ್ದದ್ದು ಹೌದು. ಸುಖವಾಗಿದ್ದೇನೆ ಎಂದು ಆ ದಾರಿಯಲ್ಲೇ, ಹ್ಯಾಗ್ಲಿ ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿ, ಒಂದು ಸಲ ಅವನಿಗೆ ಸ್ಪಷ್ಟವಾಗಿ ಅನ್ನಿಸಿತ್ತು.

ಇವತ್ತೂ ಅದೇ ರಸ್ತೆ. ಹೋಳಿಗೆಯ ಡಬ್ಬಿ ಹಿಂದಿನ ಸೀಟಿನಲ್ಲಿತ್ತು, ಇನ್ನೂ ಬಿಸಿ. ಯಾಮಿನಿ ಫೈಲು ತೆರೆದು ತನ್ನ ಪರೀಕ್ಷಕರು ಕೇಳಬಹುದಾದ ಪ್ರಶ್ನೆಗಳನ್ನು ತಾನೇ ಕೇಳಿಕೊಳ್ಳುತ್ತ ಉತ್ತರ ಹೇಳುತ್ತಿದ್ದಳು. ರೋಮಿನ ಗಾಜಿನವರು ಒಂದಕ್ಷರ ಬರೆದಿಟ್ಟಿಲ್ಲ, ಬಿಟ್ಟುಹೋದದ್ದು ಪಾತ್ರೆಗಳನ್ನು ಮಾತ್ರ. ಆದರೆ ಹಿಡಿಯನ್ನು ನೋಡಿದರೆ ಕೈ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು ಎಂದು ತಿಳಿಯುತ್ತದೆ ಎನ್ನುವುದು ಅವಳ ವಾದ. ಕಾದ ಗಾಜಿನ ಮುದ್ದೆ ಮೊದಲು ತಾಗಿದ ಕಡೆ ದಪ್ಪ, ಎಳೆದ ಹಾಗೆ ತೆಳು. ಅವಳು ಮ್ಯೂಸಿಯಮ್ಮಿನಲ್ಲಿ ನೋಡಿದ ಹೂಜಿಗಳ ಹಿಡಿ ಭುಜದ ಮೇಲೆ ದಪ್ಪಗೆ ಕೂತು, ಮೇಲೆ ಬಾಯಿಯ ಕೆಳಗೆ ತೆಳ್ಳಗಾಗಿ, ಉಳಿದ ತುದಿ ಮಡಿಕೆಯಾಗಿ ಮಡಚಿಕೊಂಡಿತ್ತು. ಹೆಬ್ಬೆರಳಿಡಲು ಹೇಳಿ ಮಾಡಿಸಿದ ಹಾಗೆ. ಅಂದರೆ ಕೆಳಗೆ ಅಂಟಿಸಿ ಮೇಲಕ್ಕೆ ಎಳೆದದ್ದು. ಮೇಲೆ ಅಂಟಿಸಿ ಕೆಳಗಿಳಿಸುವವರೂ ಉಂಟು, ಹಾಗೆ ಮಾಡಿದರೆ ಗುರುತು ಬೇರೆ ಬೀಳುತ್ತದೆ. ಇದನ್ನು ತೋರಿಸಲು ಅವಳಿಗೆ ಒಂದೇ ಕೈಯಿಂದಾದ ಆರು ಹೂಜಿ ಬೇಕು, ಮೂರು ಹೀಗೆ, ಮೂರು ಹಾಗೆ. ಐದು ಆಗಿದ್ದವು. ಆರನೆಯದು ಒಡೆಯಿತು. ಚಿಕ್ಕವಳಿದ್ದಾಗ ಇವಳೇ ಕೇಳಿದ್ದಳು, ನಮ್ಮ ತಂಬಿಗೆಗೆ ಹಿಡಿ ಯಾಕಿಲ್ಲ ಎಂದು. ಏನೋ ಹಾರಿಕೆಯ ಉತ್ತರ ಕೊಟ್ಟಿದ್ದ. ಕೇಳಿದ್ದಕ್ಕೆ ಹಾರಿಕೆಯ ಉತ್ತರ ಕೊಡುವುದು ತನಗೆ ಮೊದಲಿನಿಂದ ಬಂದ ಚಾಳಿ ಎಂದು ಸ್ಟೀರಿಂಗ್ ಹಿಡಿದು ಯೋಚಿಸಿದ. ಮೊದಲು ಇವಳಿಗೇ ಹೇಳಿಬಿಡೋಣವೇ? ಬಾಯಿ ತೆರೆದ. ಅಷ್ಟರಲ್ಲಿ ಅವಳು, ಪಾಪ ನಾರ್ಮನ್, ಇವತ್ತಾದರೂ ಅವರ ಕೈ ಸರಿಯಾಗಿರಲಿ ಎಂದಳು. ಅವನು ಗೇರು ಬದಲಿಸಿದ.

ಹೂಜಿ ಒಡೆದ ಆ ಶನಿವಾರದ ತನಕ ನಾರ್ಮನ್ನನಿಗೆ ಗಾಜಿನ ಮುದ್ದೆ ತಂದುಕೊಡುವುದು ಯಾಮಿನಿಯ ಕೆಲಸವಾಗಿತ್ತು. ನಾರ್ಮನ್ ಬೆಂಚಿನ ಮೇಲೆ ಕೂತು, ತಳಕ್ಕೆ ಅಂಟಿಸಿದ ಸಲಾಕೆಯ ತುದಿಯಲ್ಲಿ ಹೂಜಿಯನ್ನು ತಿರುಗಿಸುತ್ತಲೇ ಇರುತ್ತಾನೆ, ನಿಲ್ಲಿಸಿದರೆ ಜೋತುಬೀಳುತ್ತದೆ. ಹೂಜಿ ತೀರ ಆರಲೂ ಬಾರದು. ಆರಿದ ಮೈಗೆ ಹಿಡಿ ಅಂಟಿಸಿದರೆ ಕೂತ ಹಾಗೆ ಕಾಣುತ್ತದೆ, ಮರುದಿನ ನೋಡಿದರೆ ಬಿರುಕು. ಜೊತೆಯವರು ಇನ್ನೊಂದು ಸಲಾಕೆಯ ತುದಿಗೆ ಕುಲುಮೆಯಿಂದ ಮುದ್ದೆ ಸುತ್ತಿಕೊಂಡು ಸಿದ್ಧವಾಗಿರಬೇಕು. ಆ ಮುದ್ದೆಗೆ ಅವರ ಕಸುಬಿನಲ್ಲಿ ಬಿಟ್ ಎನ್ನುತ್ತಾರೆ. ನಾರ್ಮನ್ ಕೂಗುತ್ತಾನೆ, ಬಿಟ್ ಇತ್ತ ತಾ ಎನ್ನುವುದನ್ನು ಎರಡೇ ಅಕ್ಷರಕ್ಕೆ ಇಳಿಸಿ: “ಬಿಟ್ ಟು!” ಆಗ ಓಡಿಹೋಗಿ ಅವನ ಮುಂದೆ ಸಲಾಕೆ ಚಾಚಿ ಗಟ್ಟಿಯಾಗಿ ಹಿಡಿಯಬೇಕು, ಅವನು ಮುದ್ದೆಯ ತುದಿಯನ್ನು ಇಕ್ಕಳದಿಂದ ಹಿಡಿದು ಹೂಜಿಯ ಭುಜಕ್ಕೆ ಒತ್ತಿ, ಕತ್ತರಿಯಿಂದ ಕತ್ತರಿಸುವ ತನಕ. ನಾರ್ಮನ್ನನ ಇಂಗ್ಲಿಷು ಆ ಸೀಮೆಯದು, ಇಲ್ಲೇ ಹುಟ್ಟಿದ ಯಾಮಿನಿಗೂ ಅರ್ಧ ತಿಳಿಯದು. ಸಂಗನಬಸಪ್ಪನಿಗೆ ಪೂರ್ತಿ ತಿಳಿಯುತ್ತದೆ. ವಾರ್ಡಿನ ಹಲ್ಲಿಲ್ಲದ ಬಾಯಿಗಳಿಂದ ಆ ಮಾತನ್ನು ಕೇಳುತ್ತಲೇ ಅವನ ತಲೆ ಬೆಳ್ಳಗಾದದ್ದು. ಅದೊಂದು ಅವನ ಹೆಮ್ಮೆ. ಆ ದಿನ ಮಗಳು, ಮುದ್ದೆ ಅಂಟುವ ಗಳಿಗೆಯ ಫೋಟೋ ಬೇಕು, ಸಲಾಕೆ ನೀನು ಹಿಡಿ ಎಂದಾಗ, ಅಂಗಿಯ ತೋಳು ಮಡಚಿ ಮುಂದೆ ಬಂದ.

ಮುಖಕ್ಕೆ ಕುಲುಮೆಯ ಝಳ ಹೊಡೆಯಿತು. ತುದಿಯಲ್ಲಿ ಕಿತ್ತಳೆ ಬಣ್ಣದ ಮುದ್ದೆ ಜೋಲುತ್ತಿತ್ತು. ಸೆಕೆ, ಬೆಳಕು, ಕಾಲ ಕೆಳಗೆ ಕಲ್ಲಿನ ನೆಲ. ಸಲಾಕೆ ಚಾಚಿದ, ನಾರ್ಮನ್ನನ ಇಕ್ಕಳ ತುದಿಯನ್ನು ಕಚ್ಚಿತು, ಮುದ್ದೆ ಹೂಜಿಯ ಭುಜಕ್ಕೆ ತಾಗಿತು, ಇನ್ನೂ ಒಂದಿಷ್ಟು ಹತ್ತಿರ ಬಾ ಎನ್ನಲು ನಾರ್ಮನ್ ಮತ್ತೊಮ್ಮೆ ಕೂಗಿದ. ಐದು ವಾರ ದೂರದಿಂದ ಕೇಳಿದ್ದ ಅದೇ ಕೂಗು. ಆದರೆ ಈ ಸಲ ಅದು ಕಿವಿಗೆ ಬಿದ್ದದ್ದು ಬೇರೆ ಕಡೆಯಿಂದ. ಊರ ಹೊರಗಿನ ಕಲ್ಲುಕಟ್ಟಿನ ಬಾವಿ, ಏಪ್ರಿಲ್ ತಿಂಗಳ ಬಿಸಿಲು, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಹಗ್ಗಕ್ಕೆ ಜೋತುಬಿದ್ದ ಏಳು ವರ್ಷದವನು ತಾನು. ಮೇಲೆ ಅಣ್ಣ ಅಡಿವೆಪ್ಪ, ಬಿಟ್ಟುಬಿಡೋ, ಬಿಟ್ಟು, ಬಿಟ್ಟು ಎಂದು ಕೂಗುತ್ತಿದ್ದಾನೆ, ಬಾವಿಯೆಲ್ಲ ಅದನ್ನೇ ತಿರುಗಿ ಹೇಳುತ್ತಿದೆ. ಅವತ್ತು ಬಿಟ್ಟಿದ್ದ. ಮುಳುಗಲಿಲ್ಲ, ತೇಲಿದ. ಅಷ್ಟು ದೊಡ್ಡ ಸಂತೋಷವನ್ನು ಕಂಡ ಕೈ ಆ ಶಬ್ದವನ್ನು ಮರೆಯುವುದುಂಟೇ? ಐವತ್ತು ವರ್ಷದ ಮೇಲೆ, ಸ್ಟೌರ್‌ಬ್ರಿಜ್‌ನಲ್ಲಿ, ಬಿಟ್ಟು ಎಂದು ಕೇಳಿದ್ದೇ ತಡ ಎರಡೂ ಕೈಗಳು ತಾವಾಗಿ ತೆರೆದುಕೊಂಡವು. ಜಾರಲಿಲ್ಲ. ಹೇಳಿದ ಮಾತು ಕೇಳುವ ಮಗುವಿನ ಹಾಗೆ ಬಿಟ್ಟವು. ನಾಲ್ಕಡಿ ಕಬ್ಬಿಣದ ಭಾರಕ್ಕೆ ಹೂಜಿ ತನ್ನ ಸಲಾಕೆಯಿಂದ ಕಿತ್ತುಕೊಂಡು ನೆಲಕ್ಕೆ ಬಿತ್ತು. ನಾರ್ಮನ್ನನ ಕಣ್ಣು ಅಂಟಿದ ಕಡೆಗಿತ್ತು, ಯಾಮಿನಿಯ ಕ್ಯಾಮೆರಾವೂ ಅಲ್ಲಿಗೇ ಇತ್ತು. ಆಮೇಲೆ ತೊಳೆಸಿ ತಂದ ಫೋಟೋದಲ್ಲಿ ನಾರ್ಮನ್ನನ ಇಕ್ಕಳ ಮಾತ್ರ ಇದೆ, ಗಟ್ಟಿಯಾಗಿ ಕಚ್ಚಿಕೊಂಡದ್ದು. ಅದನ್ನು ಓದಬಲ್ಲವನು ಸಂಗನಬಸಪ್ಪನೊಬ್ಬನೇ.

ಅಷ್ಟಕ್ಕೇ ನಿಂತಿದ್ದರೆ ಅದೊಂದು ಅವಘಡ. ನಿಜವಾದ ಹೇಸಿಗೆ ಆದದ್ದು ಆಮೇಲೆ. ನಾರ್ಮನ್ ಚೂರುಗಳನ್ನು ಗುಡಿಸದೆ ತನ್ನ ಬಲಗೈಯನ್ನು ನೋಡುತ್ತ ಕೂತ. ನನ್ನ ಹಿಡಿತ ತಪ್ಪಿತು ಎಂದ. ತಂದೆಗೂ ಎಪ್ಪತ್ತರ ಒಳಗೇ ಕೈ ನಡುಕ ಬಂದು, ಕೊನೆಗೆ ಗುಂಡಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲವಂತೆ. ಆಮೇಲೆ ತಲೆ ಎತ್ತಿ, ನೀನು ಡಾಕ್ಟರಲ್ಲವೇ, ನೋಡು ಎಂದು ಕೈ ಚಾಚಿದ. ಸಂಗನಬಸಪ್ಪ ನೋಡಿದ. ಮುಂಗೈ ತಿರುಗಿಸಿದ, ಬೆರಳು ಬಿಡಿಸಿದ, ಯಾಮಿನಿಯ ಫೈಲಿನಿಂದ ಒಂದು ಹಾಳೆ ತೆಗೆದು ಚಾಚಿದ ಬೆರಳುಗಳ ಮೇಲಿಟ್ಟ. ಕಣ್ಣಿಗೆ ಕಾಣದ ನಡುಕವೂ ಹಾಳೆಯ ಅಂಚಿನಲ್ಲಿ ಕಾಣುತ್ತದೆ, ವಾರ್ಡಿನಲ್ಲಿ ದಿನಾ ಮಾಡುವುದೇ. ಹಾಳೆ ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತ್ತು. ಇಷ್ಟು ಸ್ಥಿರವಾದ ಕೈಯನ್ನು ಅವನು ಆ ವಯಸ್ಸಿನಲ್ಲಿ ನೋಡಿರಲಿಲ್ಲ. ಈಗ ಹೇಳಬೇಕು ಎಂದು ಒಳಗಿನವನು ಹೇಳಿದ. ಮಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಹಾಳೆ ಎತ್ತಿಕೊಂಡು, ಡಾಕ್ಟರರ ಗಂಭೀರ ದನಿಯಲ್ಲಿ, ಯಾವುದಕ್ಕೂ ನಿನ್ನ GPಗೆ ಒಮ್ಮೆ ತೋರಿಸು ಎಂದ. ಥೂ. ಆ ದನಿ ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ. ಮೂವತ್ತು ವರ್ಷದ ಹಿಂದೆ ಈ ದೇಶದ ಒಬ್ಬ ದೊಡ್ಡ ಡಾಕ್ಟರು ತನ್ನದೇ ತಪ್ಪಿಗೆ ರೋಗಿಗಳ ಮುಂದೆ ಇವನನ್ನು ಬೈದಾಗ ಅದೇ ದನಿಯಲ್ಲಿ ಬೈದಿದ್ದರು. ಅದನ್ನು ಇವನು ಇಷ್ಟು ಚೆನ್ನಾಗಿ ಕಲಿತಿದ್ದ. ನಾರ್ಮನ್ ತನ್ನ GPಗೆ, ಅಂದರೆ ಮನೆಯ ಹತ್ತಿರದ ಡಾಕ್ಟರಿಗೆ ತೋರಿಸಿದ, ಅವರು ನರದ ಡಾಕ್ಟರಿಗೆ ಬರೆದರು, ಅಲ್ಲಿ ಹದಿನೆಂಟು ವಾರ ಕಾಯಬೇಕು. ಕಾದು ಏನು ಉಪಯೋಗ, ಅಪ್ಪನ ಹಾಗೆ ಎಲ್ಲರೆದುರು ನಡುಗುತ್ತ ಕೂರುವ ಬದಲು ಈಗಲೇ ಮುಗಿಸುತ್ತೇನೆ ಎಂದು ಮುದುಕ ನಿರ್ಧರಿಸಿದ.

ಕಾಲುವೆಯ ಪಕ್ಕದ ಇಟ್ಟಿಗೆಯ ಶೆಡ್ಡಿನ ಮುಂದೆ ಕಾರು ನಿಲ್ಲಿಸಿದಾಗ ನಾರ್ಮನ್ ಬಾಗಿಲಲ್ಲೇ ಕೂತು ಚಹಾ ಕುಡಿಯುತ್ತಿದ್ದ. ಮಗ್ಗಿನ ಹಿಡಿ ಹೊರಗೆ ತಿರುಗಿತ್ತು. ಎರಡೂ ಅಂಗೈಗಳಲ್ಲಿ ಮಗ್ಗನ್ನು ಅವುಚಿಕೊಂಡು, ಮಗು ಹಾಲು ಕುಡಿಯುವ ಹಾಗೆ ಎತ್ತುತ್ತಿದ್ದ. ಸಂಗನಬಸಪ್ಪ ಅದನ್ನು ನೋಡಿದ. ಯಾಮಿನಿಯೂ ನೋಡಿ ಬೇರೆ ಕಡೆ ತಿರುಗಿದಳು. ಹೋಳಿಗೆಯ ಡಬ್ಬಿ ಕೊಟ್ಟದ್ದಕ್ಕೆ ಮುದುಕ ಹಿಗ್ಗಿ, ನಿನ್ನ ಹೆಂಡತಿಗೆ ನನ್ನ ನಮಸ್ಕಾರ ಹೇಳು, ಬರುವ ವಾರದಿಂದ ಬಿಸ್ಕತ್ತು ತರುವವರು ಯಾರೂ ಇರುವುದಿಲ್ಲವಲ್ಲ ಎಂದ. ಒಳಗೆ ಕುಲುಮೆ ಗೊಣಗುತ್ತಿತ್ತು. ಗೋಡೆಯ ಮೊಳೆಗಳಿಂದ ಅರ್ಧದಷ್ಟು ಉಪಕರಣ ಆಗಲೇ ಇಳಿದು ಹಳೆಯ ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆ ಸೇರಿತ್ತು. ಮೊಳೆಯ ಸುತ್ತ ಇಕ್ಕಳ, ಕತ್ತರಿಗಳ ಆಕಾರ ಮಸಿಯಿಲ್ಲದೆ ಬೆಳ್ಳಗೆ ಉಳಿದಿತ್ತು. ಯಾಮಿನಿ ಕ್ಯಾಮೆರಾ ಬದಿಗಿಟ್ಟು, ಇವತ್ತು ಫೋಟೋ ಬೇಡ, ಬಿಟ್ ನಾನೇ ತರುತ್ತೇನೆ ಎಂದು ತೋಳು ಮಡಚಿದಳು. ಯಾರೂ ಏನೂ ಹೇಳದೆ ಸಂಗನಬಸಪ್ಪನನ್ನು ಮೂಲೆಯ ಸ್ಟೂಲಿನಲ್ಲಿ ಕೂರಿಸಿದ ಹಾಗಾಯಿತು. ಅಲ್ಲಿ ಕೂತಿದ್ದರೆ ಎಲ್ಲ ಮುಗಿದುಹೋಗುತ್ತದೆ. ಹೂಜಿ ಆಗುತ್ತದೆ, ಮಗಳಿಗೆ ಪದವಿ ಬರುತ್ತದೆ, ಮುದುಕನಿಗೆ ಹದಿನೆಂಟು ವಾರದ ಮೇಲೆ ಯಾರೋ ನಿನ್ನ ಕೈಗೆ ಏನೂ ಆಗಿಲ್ಲ ಎನ್ನುತ್ತಾರೆ, ಅಷ್ಟರಲ್ಲಿ ಈ ಶೆಡ್ಡಿನಲ್ಲಿ ಯಾರೋ ಕಾರು ನಿಲ್ಲಿಸಿರುತ್ತಾರೆ. ನಾರ್ಮನ್ ಊದುಗೊಳವೆಗೆ ಕೈ ಹಾಕಿದ. ಹಾಕುವ ಮೊದಲು ಕೈಯನ್ನು ಒಂದು ಗಳಿಗೆ ನೋಡಿಕೊಂಡ. ಅದನ್ನು ತಡೆಯಲಾಗದೆ ಸಂಗನಬಸಪ್ಪ ಸ್ಟೂಲಿನಿಂದ ಎದ್ದ.

“ನಾರ್ಮನ್, ಅವತ್ತು ತಪ್ಪಿದ್ದು ನಿನ್ನ ಕೈ ಅಲ್ಲ. ಸಲಾಕೆ ನಾನು ಬಿಟ್ಟೆ.”

ಇಬ್ಬರೂ ಅವನ ಕಡೆ ನೋಡಿದರು. ನಿಲ್ಲಿಸಿದರೆ ಮುಂದೆ ಹೇಳಲಾಗದು ಎಂದು ಗೊತ್ತಿದ್ದರಿಂದ ಒಂದೇ ಉಸಿರಿಗೆ ಹೇಳಿದ. ಜಾರಲಿಲ್ಲ, ಕೈ ತೆರೆದು ಬಿಟ್ಟೆ. ನೀನು ಬಿಟ್ ಟು ಎಂದೆ, ನನ್ನ ಭಾಷೆಯಲ್ಲಿ ಅದು ಬಿಟ್ಟುಬಿಡು ಎಂದ ಹಾಗೆ ಕೇಳುತ್ತದೆ. ಅಣ್ಣ ಬಾವಿಯಲ್ಲಿ ಈಜು ಕಲಿಸುವಾಗ ಹಾಗೇ ಕೂಗುತ್ತಿದ್ದ. ಬಾವಿ, ಸೋರೆಬುರುಡೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳುವಾಗ ಅದು ಹುಚ್ಚರ ಮಾತಿನ ಹಾಗೆ ಅವನಿಗೇ ಕೇಳಿಸಿತು. ಯಾಮಿನಿ “ಅಪ್ಪಾ” ಎಂದಳು, ಅಷ್ಟೇ, ಆದರೆ ಚಿಕ್ಕಂದಿನ ಹಾಗೆ ಎಳೆದು. ನಾರ್ಮನ್ ಊದುಗೊಳವೆಯನ್ನು ನಿಧಾನವಾಗಿ ಅದರ ಜಾಗದಲ್ಲಿಟ್ಟ. ಮುದುಕ ನಗುತ್ತಾನೆ ಎಂದು ಸಂಗನಬಸಪ್ಪ ಒಳಗೊಳಗೆ ನಂಬಿದ್ದ. ಈ ಮೂರು ವಾರ ಮನಸ್ಸಿನಲ್ಲಿ ಎಷ್ಟು ಸಲ ಈ ಮಾತು ಆಡಿದರೂ ಕೊನೆಗೆ ನಾರ್ಮನ್ ನಕ್ಕಿದ್ದ. ನಾರ್ಮನ್ ನಗಲಿಲ್ಲ.

“ಕಾಗದ ಇಟ್ಟು ನೋಡಿದೆಯಲ್ಲ,” ಎಂದ. “ಅದು ನಡುಗಿತೇ?”

“ಇಲ್ಲ.”

“ನಡುಗಲಿಲ್ಲ ಅಂತ ನಿನಗೆ ಗೊತ್ತಿತ್ತು.”

“ಗೊತ್ತಿತ್ತು.”

ಮುದುಕ ತಲೆಯಾಡಿಸಿ, ಕುಲುಮೆಯ ಬಾಗಿಲು ಮುಚ್ಚಿ, ಕೋಟು ತೆಗೆದುಕೊಂಡು ಹೊರಗೆ ಹೋದ. ತೆರೆದ ಬಾಗಿಲಿನಿಂದ ಅವನು ಕಾಲುವೆಯ ದಂಡೆಗೆ ನಡೆದು, ಬೆನ್ನು ಇತ್ತ ಮಾಡಿ ನಿಂತದ್ದು ಕಾಣುತ್ತಿತ್ತು. ಸಂಗನಬಸಪ್ಪ ಮತ್ತೆ ಸ್ಟೂಲಿನಲ್ಲೇ ಕೂತ. ನಾಚಿಕೆ ಆಗುತ್ತಿತ್ತು, ಆದರೆ ಅದರ ಕೆಳಗೆ, ಹೇಳಿದರೆ ನಂಬಲಾಗದು, ಹಸಿವೂ ಆಗುತ್ತಿತ್ತು. ಬೆಳಿಗ್ಗೆ ಉಪ್ಪಿಟ್ಟು ತಿಂದಿರಲಿಲ್ಲ. ಯಾಮಿನಿ ಬಂದು ಪಕ್ಕದ ಪೆಟ್ಟಿಗೆಯ ಮೇಲೆ ಕೂತಳು. ಬೈಯುತ್ತಾಳೆ ಎಂದುಕೊಂಡ. ಅವಳು ಫೈಲಿನಿಂದ ಆ ಫೋಟೋ ತೆಗೆದು ತುಂಬ ಹೊತ್ತು ನೋಡಿ, ಇಕ್ಕಳ ಸರಿಯಾಗಿಯೇ ಹಿಡಿದಿದೆ, ಮೂರು ವಾರದಿಂದ ನೋಡುತ್ತಿದ್ದೇನೆ, ನನಗೆ ಕಾಣಲೇ ಇಲ್ಲ, ಹಿಡಿ ನೋಡಿ ಕೈ ಹೇಳುತ್ತೇನೆ ಎನ್ನುವವಳು ನಾನು ಎಂದಳು. ಇಂಗ್ಲಿಷಿನಲ್ಲೇ. ಆಮೇಲೆ, ಬಹಳ ಹಳೆಯ ಸಾಮಾನನ್ನು ಎಲ್ಲಿಂದಲೋ ಹುಡುಕಿ ತಂದ ಹಾಗೆ, ತಡವರಿಸಿ, “ಅಮ್ಮಂಗೆ ಹೇಳಿದ್ಯಾ?” ಎಂದು ಕೇಳಿದಳು. ಇಲ್ಲ ಎಂದ. ಹಾಗಾದರೆ ನಾನು ಹೇಳುತ್ತೇನೆ, ಅವಳ ಮುಖ ನೋಡಬೇಕು ನನಗೆ ಎಂದಳು. ನಕ್ಕಳೋ ಇಲ್ಲವೋ ತಿಳಿಯಲಿಲ್ಲ, ಆದರೆ ಭುಜ ಅವನ ಭುಜಕ್ಕೆ ತಾಗಿತ್ತು. ಇಬ್ಬರೂ ಹಾಗೇ ಕೂತು ಬಾಗಿಲ ಕಡೆ ನೋಡಿದರು. ಕಾಲುವೆಯಲ್ಲಿ ಒಂದು ಉದ್ದನೆಯ ದೋಣಿ ಹೋಯಿತು. ನಾರ್ಮನ್ ದೋಣಿಯವನಿಗೆ ಕೈ ಬೀಸಿದ, ಆಮೇಲೆ ಬೀಸಿದ ಆ ಕೈಯನ್ನು ಇಳಿಸದೆ ಮುಂದೆ ಚಾಚಿ, ನೋಡುತ್ತ ನಿಂತ.

ಒಳಗೆ ಬಂದಾಗ ಅವನ ಮುಖದಲ್ಲಿ ಏನೂ ಇರಲಿಲ್ಲ. ಕೋಟು ಮೊಳೆಗೆ ಹಾಕಿ, ಕುಲುಮೆಯ ಬಾಗಿಲು ತೆಗೆದು, ಊದುಗೊಳವೆಗೆ ಗಾಜು ಸುತ್ತಿ ಊದಿದ. ಗುಳ್ಳೆ ಬೆಳೆಯಿತು, ಕೊರಳು ಬಂತು, ತಳಕ್ಕೆ ಸಲಾಕೆ ಅಂಟಿತು, ಬಾಯಿ ಅಗಲವಾಗಿ ತುಟಿ ಹೊರಳಿತು. ಹಿಡಿಯ ಹೊತ್ತು ಬಂದಾಗ ಯಾಮಿನಿ ಎದ್ದಳು. ಮುದುಕ ತಲೆ ಎತ್ತದೆ, ಅವಳಲ್ಲ, ಡಾಕ್ಟರು ತರಲಿ ಎಂದ. ಸಂಗನಬಸಪ್ಪ ಮುಂದೆ ಬಂದ. ಹೂಜಿಯನ್ನು ತಿರುಗಿಸುತ್ತಲೇ ನಾರ್ಮನ್ ಕೇಳಿದ, ಬಿಡಬೇಡ ಎನ್ನುವುದಕ್ಕೆ, ಗಟ್ಟಿಯಾಗಿ ಹಿಡಿದುಕೊ ಎನ್ನುವುದಕ್ಕೆ ನಿಮ್ಮ ಮಾತಿನಲ್ಲಿ ಏನು ಹೇಳುತ್ತಾರೆ ಎಂದು. ಹಿಡಿ ಎಂದ. ಮತ್ತೆ ಈ ಸಾಮಾನಿಗೆ, ಹೂಜಿಗೆ ಹಾಕುತ್ತೇವಲ್ಲ ಇದಕ್ಕೆ? ಅದಕ್ಕೂ ಹಿಡಿ ಎಂದೇ ಹೇಳುತ್ತೇವೆ ಎಂದ. ಎರಡಕ್ಕೂ ಒಂದೇ ಶಬ್ದವೇ ಎಂದು ಮುದುಕ ಮೊದಲ ಸಲ ಮುಖ ಎತ್ತಿದ. ಹೌದು ಎಂದಾಗ, ಬುದ್ಧಿವಂತ ಜನ ಎಂದು, ಕುಲುಮೆಯ ಕಡೆ ಗದ್ದ ತೋರಿಸಿದ.

ಝಳ, ಬೆಳಕು, ಕಿತ್ತಳೆ ಮುದ್ದೆ. ಸಲಾಕೆ ಚಾಚಿದ. ಇಕ್ಕಳ ಕಚ್ಚಿತು.

“ಹಿಡ್ಡಿ,” ಎಂದ ನಾರ್ಮನ್.

ಹಿಡಿದ. ಬೆರಳ ಗೆಣ್ಣುಗಳು ಬೆಳ್ಳಗಾಗುವ ಹಾಗೆ, ಹಲ್ಲು ಕಚ್ಚಿ, ಐವತ್ತೇಳು ವರ್ಷದ ಮೈಯೆಲ್ಲ ಹಿಡಿಯಿತು. ಮುದ್ದೆ ಭುಜಕ್ಕೆ ತಾಗಿ ಅಗಲವಾಗಿ ಕೂತಿತು. ಕತ್ತರಿ ಬಂತು, ಕಚಕ್ಕನೆ ಗಾಜು ತುಂಡಾಯಿತು, ಸಲಾಕೆ ಹಗುರಾಯಿತು. ಆದರೂ ಅವನು ಬಿಡದೆ ಹಿಡಿದುಕೊಂಡೇ ನಿಂತಿದ್ದ. ನಾರ್ಮನ್ ಇಕ್ಕಳದಿಂದ ತುದಿಯನ್ನು ಮೇಲಕ್ಕೆ ಎಳೆದ. ಗಾಜು ತೆಳ್ಳಗಾಗುತ್ತ ಏರಿ, ಬಾಗಿ, ಬಾಯಿಯ ಕೆಳಗೆ ಕೊರಳನ್ನು ಮುಟ್ಟಿ ಅಂಟಿತು. ಉಳಿದ ತುದಿಯನ್ನು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಮಡಚಿ ಒತ್ತಿದ. ಮೂರು ಉಸಿರಿನಷ್ಟು ಹೊತ್ತು. ಎರಡು ಸಾವಿರ ವರ್ಷದ ಹಿಂದೆ ಯಾರೋ ಇಬ್ಬರು ಹೀಗೇ ಎದುರುಬದುರು ನಿಂತಿದ್ದರಲ್ಲ, ಅವರಲ್ಲೊಬ್ಬ ದೂರದ ದೇಶದವನಾಗಿದ್ದರೆ ಯಾವ ಮಾತಿನಲ್ಲಿ ಕೂಗಿಕೊಳ್ಳುತ್ತಿದ್ದರೋ ಎಂದು ಸಂಗನಬಸಪ್ಪನ ಮನಸ್ಸು ಎಲ್ಲಿಗೋ ಹೋಗುತ್ತಿತ್ತು. ಸಾಕು, ಈಗ ಸಲಾಕೆ ಇಳಿಸು ಎಂದು ನಾರ್ಮನ್ ಹೇಳಿದ.

ಹೂಜಿಯನ್ನು ನಿಧಾನವಾಗಿ ಆರಿಸುವ ಒಲೆಗಿಟ್ಟು ಬಾಗಿಲು ಮುಚ್ಚಿದ ಮೇಲೆ ಮುದುಕ ಹೋಳಿಗೆಯ ಡಬ್ಬಿ ತೆರೆದ. ಒಂದನ್ನು ಇಡಿಯಾಗಿ ತಿಂದ. ತಣ್ಣಗಾದ ಚಹಾ ಇದ್ದ ಮಗ್ಗನ್ನು ಒಂದೇ ಕೈಯಲ್ಲಿ, ಹಿಡಿ ಹಿಡಿದು ಎತ್ತಿ ಕುಡಿದ. ಯಾಮಿನಿ ಏನೋ ಬಿದ್ದಿದೆ ಎನ್ನುವ ಹಾಗೆ ಬಗ್ಗಿ ನೆಲ ನೋಡಿದಳು. ಆಮೇಲೆ ಅವನು ಪೆಟ್ಟಿಗೆಯ ಹತ್ತಿರ ಹೋಗಿ, ಒಂದು ದೊಡ್ಡ ಇಕ್ಕಳದ ಸುತ್ತಲಿದ್ದ ಪತ್ರಿಕೆಯ ಹಾಳೆ ಬಿಚ್ಚಿ, ಇಕ್ಕಳವನ್ನು ಗೋಡೆಯ ಅದರ ಮೊಳೆಗೆ, ಬೆಳ್ಳಗಿನ ಆಕಾರದ ಮೇಲೆ ತೂಗುಹಾಕಿದ. ಹಾಳೆ ಕೈಯಲ್ಲೇ ಇತ್ತು. ಸಂಗನಬಸಪ್ಪನ ಮುಂದೆ ಬಂದು ನಿಂತು, ಕೈ ಚಾಚು ಎಂದ. ಚಾಚಿದ. ಬೆರಳು ಬಿಡಿಸು ಎಂದ. ಬಿಡಿಸಿದ. ನಾರ್ಮನ್ ಹಾಳೆಯನ್ನು ಆ ಬೆರಳುಗಳ ಮೇಲೆ ಹದವಾಗಿ ಇಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದ. ಹಾಳೆಯ ನಾಲ್ಕೂ ಅಂಚು ಪಟಪಟ ನಡುಗುತ್ತಿದ್ದವು.

“ಯಾವುದಕ್ಕೂ,” ಎಂದ ನಾರ್ಮನ್, ಡಾಕ್ಟರರ ಗಂಭೀರ ದನಿಯಲ್ಲಿ, “ನಿನ್ನ GPಗೆ ಒಮ್ಮೆ ತೋರಿಸು.”

ಮತ್ತೆ ಪೆಟ್ಟಿಗೆಗೆ ಬಗ್ಗಿ ಇನ್ನೊಂದು ಇಕ್ಕಳ ಬಿಚ್ಚತೊಡಗಿದ. ಸಂಗನಬಸಪ್ಪ ಕೈ ಚಾಚಿಕೊಂಡೇ ನಿಂತಿದ್ದ, ಹಾಳೆ ಬೀಳದ ಹಾಗೆ.